ಭಜನೆಗೆ ಕೂತ ಲ್ಯಾಪ್‌ಟಾಪ್

ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ಹಗಲೆಲ್ಲ ಹರಾಜು ಕೂಗಿ, ಸಂಜೆ ಅದೇ ಗಂಟಲಲ್ಲಿ ಭಜನೆ ಹೇಳಿಸುತ್ತಿದ್ದರು ನಮ್ಮ ಭಜನೆ ಮೇಷ್ಟ್ರು. ಒಂದೇ ಸಾಲನ್ನು ಎಷ್ಟು ಹಾಡಿದರೂ ಅವರಿಗೆ ತೃಪ್ತಿಯಿಲ್ಲ. ತಾಳ ಎತ್ತಿ, "ಇಂಕೊಕ್ಕಸಾರಿ!" ಅನ್ನೋರು, ಇನ್ನೊಂದು ಸಲ ಅಂತ. ಅವರು ಕೈ ಇಳಿಸುವವರೆಗೆ ಯಾರೂ ನಿಲ್ಲಿಸುವಂತಿರಲಿಲ್ಲ.

ನಾನಾಗ ಸಂಶೋಧನೆಗೆಂದು, ಭಜನೆಯ ಸ್ವರಗಳನ್ನು ಕಂಪ್ಯೂಟರಿಗೆ ಅರ್ಥವಾಗುವ ಹಾಗೆ ಬರೆಯುವುದನ್ನು ಕಲಿಯುತ್ತಿದ್ದೆ. ಸಾಲನ್ನು ಎಷ್ಟು ಸಲ ಹಾಡಬೇಕೆಂದೂ ಅದಕ್ಕೆ ಹೇಳಬೇಕು.

"ಎಷ್ಟು ಸಲ, ಮೇಷ್ಟ್ರೇ?"

"ಸಾಕು ಅನ್ಸೋವರ್ಗೂ ಕಣಮ್ಮ."

ಸಾಕು ಅನ್ನಿಸುವುದು ಕಂಪ್ಯೂಟರಿಗೆ ಗೊತ್ತಿಲ್ಲವಲ್ಲ! ಕೊನೆಯೇ ಇಲ್ಲದಂತೆ ಬರೆದು, ಶನಿವಾರ ಭಜನೆ ಮನೆಯಲ್ಲಿ ಲ್ಯಾಪ್‌ಟಾಪಿನಿಂದ ನುಡಿಸಿದೆ. ಎಲ್ಲರೂ ದನಿಗೂಡಿಸಿದರು. ಅದೇ ಸಾಲು ಮತ್ತೆ ಮತ್ತೆ ಬಂತು. ಭಜನೆ ಮುಗಿದ ಮೇಲೆ ಹಂಚಬೇಕಿದ್ದ ಚಿತ್ರಾನ್ನ ಆರಿಹೋಯಿತು. ತಬಲದವನು ಎದ್ದು ಹೋದ. ನಿಲ್ಲಿಸೋಣವೆಂದು ನಾನು ಕೈ ಚಾಚಿದರೆ ಮೇಷ್ಟ್ರು ಗದರಿದರು: "ಮುಟ್ಬೇಡ! ಅದೇ ಮೊದ್ಲು ನಿಲ್ಲಿಸ್ಲಿ."

ಕೊನೆಗೆ ಬ್ಯಾಟರಿ ಮುಗಿದು ಪರದೆ ಕಪ್ಪಾಯಿತು. ಮೇಷ್ಟ್ರು ಬಿದ್ದುಹೋದ ಗಂಟಲಲ್ಲೇ ಆ ಸಾಲನ್ನು ಒಬ್ಬರೇ ಇನ್ನೊಂದು ಸಲ ಹಾಡಿದರು. ಆಮೇಲೆ ತಾಳ ಇಳಿಸಿ, ಲ್ಯಾಪ್‌ಟಾಪಿನ ಬೆನ್ನು ಸವರಿದರು.

"ಪಾಪ, ಸುಸ್ತಾಗೋಗೈತೆ. ಮೊದ್ಲು ಅದಕ್ಕೆ ಚಿತ್ರಾನ್ನ ಹಾಕಮ್ಮ."