ಗುಡಾಣದ ಬಾಯಿಕುಕ್ಕೆ

ನಮ್ಮ ದೊಡ್ಡಮ್ಮ ಚರ್ಮ ಹೊಲಿಯುವವಳು. ಚೀಲ, ಬೆಲ್ಟು, ಜೀನು, ಲಗಾಮು, ಹರಿದದ್ದು ಏನೇ ಬರಲಿ, ಬೀದಿಗೆ ತೆರೆದುಕೊಂಡ ಮುಂದಿನ ಕೋಣೆಯಲ್ಲಿ ಕೂತು ಸರಿಮಾಡಿ ಕೊಡುತ್ತಿದ್ದಳು. ಕೋಪ ಮಾತ್ರ ಸದಾ ಮೂಗಿನ ತುದಿಯಲ್ಲೇ. ನಾನು ಅವಳ ತಂಗಿಯ ಮಗಳು. ಎಣ್ಣೆ ಹಚ್ಚಿದ ಚರ್ಮದ ವಾಸನೆಯ ಆ ಕೋಣೆಯಲ್ಲಿ ಮಷೀನು ತುಳಿಯುತ್ತಾ ಅರ್ಧ ಆಯಸ್ಸು ಕಳೆದಿದ್ದೇನೆ. ಅವಳ ಬೈಗುಳದ ರುಚಿ ನನ್ನಷ್ಟು ಬಲ್ಲವರು ಯಾರೂ ಇಲ್ಲ, ದೊಡ್ಡಪ್ಪನನ್ನು ಬಿಟ್ಟರೆ.

ದೊಡ್ಡಪ್ಪ ಸಾರೋಟು ಓಡಿಸುತ್ತಿದ್ದವನು. ಮೊಣಕಾಲು ಕೈಕೊಟ್ಟ ಮೇಲೆ ಸಾರೋಟು ಮಾರಿದ, ಅದನ್ನು ಎಳೆದು ಸವೆದ ಮುದಿ ಹೆಣ್ಣು ಕುದುರೆಯನ್ನು ಮಾರಲಿಲ್ಲ. ಅದನ್ನು ಎಲ್ಲರೂ ಅಜ್ಜಿ ಎನ್ನುತ್ತಿದ್ದರು. ಅಜ್ಜಿಗೆ ಜೊತೆಯಾಗಿ ಒಂದು ತಟ್ಟು ಕುದುರೆ ಇತ್ತು. ಹುಲ್ಲು ಕಂಡರೆ ಲೋಕ ಮರೆಯುವ ಪ್ರಾಣಿ. ಹೊಟ್ಟೆ ಎರಡೂ ಕಡೆಗೆ ಉಬ್ಬಿ, ಬೆನ್ನ ಮೇಲೆ ಚಾಪೆ ಹಾಸಿ ಮಲಗಬಹುದು ಎನ್ನುವಂತಿತ್ತು. ಅದಕ್ಕೆ ಗುಡಾಣ ಎಂದು ಹೆಸರಿಟ್ಟವಳು ದೊಡ್ಡಮ್ಮನೇ. ಒಮ್ಮೆ ಗುಡಾಣವನ್ನು ಲಾಳ ಹೊಡೆಸಲು ಕರೆದೊಯ್ದಾಗ ಅಜ್ಜಿ ಬೇಲಿಯುದ್ದಕ್ಕೂ ಓಡಾಡಿ, ಬೆವತು, ನೀರೂ ಮುಟ್ಟದೆ ಕೊನೆಗೆ ಬಿದ್ದೇಬಿಟ್ಟಿತ್ತು. ಅಂದಿನಿಂದ ಅವೆರಡನ್ನೂ ಅಗಲಿಸುವ ಮಾತು ಯಾರೂ ಎತ್ತಿರಲಿಲ್ಲ.

ಹೊಸ ಹುಲ್ಲು ಚಿಗುರುವ ಕಾಲದಲ್ಲಿ ಒಂದು ದಿನ ಗುಡಾಣ ಹೆಜ್ಜೆ ಕಿತ್ತಿಡಲಾರದೆ, ಮುಂಗಾಲು ಚಾಚಿ ಹಿಂದಕ್ಕೆ ವಾಲಿ ನಿಂತಿತು. ಕುದುರೆ ಡಾಕ್ಟರಮ್ಮ ಬಂದು ಗೊರಸು ಮುಟ್ಟಿ ನೋಡಿದಳು. ಕಾದ ಹೆಂಚಿನಂತಿತ್ತು.

"ತಿಂದು ತಿಂದೇ ಬಂದಿರೋ ರೋಗ ಇದು. ಈ ಸಲ ಹೇಗೋ ಗುಣ ಆಗತ್ತೆ. ಇನ್ನೊಂದ್ಸಲ ಬಂದ್ರೆ ಗೊರಸಿನೊಳಗಿನ ಮೂಳೆ ತಿರುಗಿಬಿಡತ್ತೆ. ಆಮೇಲೆ ನಾನು ಬರೋದು ಕೊನೇ ಇಂಜೆಕ್ಷನ್ ಕೊಡೋಕೇ," ಎಂದಳು.

"ಹಾಗಾದ್ರೆ ಕಟ್ಟಿಹಾಕ್ಬೇಕಾ?" ದೊಡ್ಡಪ್ಪ ಕೇಳಿದ.

"ಬೇಡ. ಗುಣ ಆದ್ಮೇಲೆ ಓಡಾಡ್ಲಿ, ಜೊತೆಯಲ್ಲೇ ಇರ್ಲಿ. ಬಾಯಿಗೆ ಕುಕ್ಕೆ ಹಾಕಿ ಬಿಡಿ. ಬೆಳಗಿನ ಜಾವ ಮೇಯ್ಲಿ. ಬಿಸಿಲೇರಿದ್ರೆ ಹುಲ್ಲಲ್ಲಿ ಸಕ್ಕರೆ ಏರತ್ತೆ."

ದೊಡ್ಡಮ್ಮ ಅಂದೇ ಹೊಲಿಯಲು ಕೂತಳು. ಗಟ್ಟಿ ನಾರುಪಟ್ಟಿಯ ಬುಟ್ಟಿ, ತಳಕ್ಕೆ ರಬ್ಬರಿನ ಬಿಲ್ಲೆ, ಬಿಲ್ಲೆಯ ನಡುವೆ ಒಂದು ತೂತು. ತೂತಿನಲ್ಲಿ ಹುಲ್ಲಿನ ತುದಿ ನಾಲ್ಕೇ ಎಳೆ ಬಾಯಿಗೆ ಸಿಗಬೇಕು, ನೀರು ಸಲೀಸಾಗಿ ಕುಡಿಯಲಾಗಬೇಕು. ಮೂಗು ಉಜ್ಜದಂತೆ ಒಳಗೆ ಮೆತ್ತನೆಯ ಉಣ್ಣೆ. ಕಿವಿಯ ಹಿಂದಿನ ಪಟ್ಟಿಯನ್ನು ಮಾತ್ರ ಬೇಕೆಂದೇ ತೆಳು ಚರ್ಮದಲ್ಲಿ ಮಾಡಿದಳು. ಎಲ್ಲಾದರೂ ಬೇಲಿಗೆ ಸಿಕ್ಕಿಕೊಂಡರೆ ಪಟ್ಟಿ ಹರಿಯಲಿ, ಕತ್ತು ಉಳಿಯಲಿ ಎಂದು.

ಗುಡಾಣ ಗುಣವಾಗಿ ಕುಕ್ಕೆ ತೊಟ್ಟು ಹುಲ್ಲುಗಾವಲಿಗೆ ಇಳಿದಾಗ ಬೇಲಿಗೆ ಒರಗಿದವರಿಗೆಲ್ಲ ಕರುಳು ಚುರುಕ್ಕೆಂದಿತು. "ಅಯ್ಯೋ ಪಾಪ, ಮೂಕ ಪ್ರಾಣಿ ಬಾಯಿ ಕಟ್ಟಿದ್ದೀರಲ್ಲಮ್ಮ!"

"ನಿಮ್ಮ ಅಳತೆಗೂ ಒಂದು ಹೊಲಿದು ಕೊಡ್ಲಾ?" ದೊಡ್ಡಮ್ಮ ಕೇಳುತ್ತಿದ್ದಳು. ಅವರು ತೆಪ್ಪಗೆ ಜಾಗ ಖಾಲಿ ಮಾಡುತ್ತಿದ್ದರು.

ಆದರೆ ಸ್ವಲ್ಪ ದಿನದಲ್ಲೇ ಕುಕ್ಕೆ ಹುಲ್ಲಿನಲ್ಲಿ ಬಿದ್ದಿರತೊಡಗಿತು. ಪಟ್ಟಿ ಹರಿದಿರುತ್ತಿತ್ತು, ಗುಡಾಣ ಗಬಗಬನೆ ತಿನ್ನುತ್ತಿರುತ್ತಿತ್ತು. ದೊಡ್ಡಮ್ಮ ಬೇರೆ ಪಟ್ಟಿ ಹಾಕಿದಳು. ಅದೂ ಹೋಯಿತು. ಬೆಳಗಿನ ಜಾವ ಕುದುರೆಗಳನ್ನು ಬಿಡುತ್ತಿದ್ದವನು ದೊಡ್ಡಪ್ಪ.

"ನೀವೇ ತಾನೇ ತೆಗೆದಿದ್ದು?"

ದೊಡ್ಡಪ್ಪ ನೆಲ ನೋಡಿದ. "ಹೂಂ. ನೋಡೋಕಾಗ್ಲಿಲ್ಲ ಕಣೇ."

ಅವಳ ಪಿತ್ತ ನೆತ್ತಿಗೇರಿತು. "ಪ್ರೀತಿ ಅಂತೆ ಪ್ರೀತಿ! ಕೊಂದು ಕೂತ್ಕೊಳ್ಳಿ!" ಎಂದು ಇಡೀ ಬೀದಿಗೆ ಕೇಳುವಂತೆ ಕೂಗಿದಳು. ಹುಲ್ಲುಗಾವಲಿನ ಗೇಟಿಗೆ ಬೀಗ ಜಡಿದು ಕೀಲಿಯನ್ನು ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡಳು, ಬೆಳಗ್ಗೆ ಕುದುರೆಗಳನ್ನು ಬಿಡುವ ಕೆಲಸವನ್ನೂ ತಾನೇ ವಹಿಸಿಕೊಂಡಳು. ಗಂಡನ ಜೊತೆ ಮಾತು ಬಿಟ್ಟಳು. ಏನಿದ್ದರೂ ನನ್ನ ಮೂಲಕ: "ನಿನ್ನ ದೊಡ್ಡಪ್ಪನಿಗೆ ಹೇಳು, ಊಟ ಆರ್ತಿದೆ." ಎದುರಿಗೇ ಕೂತವನಿಗೆ ನಾನು ಅದನ್ನು ಇನ್ನೊಮ್ಮೆ ಹೇಳಬೇಕು. ದೊಡ್ಡಪ್ಪ ಬೆಳಗ್ಗೆ ಎದ್ದು ಎಲ್ಲಿಗೂ ಹೋಗಲು ತೋಚದೆ ಬಾಗಿಲಲ್ಲಿ ನಿಂತು ಬೂಟಿನ ಲಾಡಿ ಕಟ್ಟುತ್ತಿದ್ದ, ಮತ್ತೆ ಬಿಚ್ಚುತ್ತಿದ್ದ. ನನಗೆ ಅವಳ ಮೇಲೆ ಕೆಂಡದಂಥ ಸಿಟ್ಟು ಬರುತ್ತಿತ್ತು.

ಬೀಗ ಬಿದ್ದ ಮೇಲೂ ಕುಕ್ಕೆ ಹುಲ್ಲಿನಲ್ಲಿ ಸಿಕ್ಕಿತು. ಗುಡಾಣದ ಗೊರಸು ಮತ್ತೆ ಬೆಚ್ಚಗಾಗಿತ್ತು. ದೊಡ್ಡಮ್ಮನ ಮುಖದಲ್ಲಿ ರಕ್ತವೇ ಇರಲಿಲ್ಲ. "ಬೀಗ ಹಾಕಿದ್ರೂ ಹೇಗೆ ಹೋದ್ರು ಅಂತ ಕೇಳು," ಎಂದಳು ನನಗೆ.

"ಬೇಲಿ ಹಾರಿದೆ," ಎಂದ ದೊಡ್ಡಪ್ಪ.

ಮೆಟ್ಟಿಲು ಹತ್ತಲು ಗೋಡೆ ಹಿಡಿಯುವವನು ಬೇಲಿ ಹಾರಿದನಂತೆ! ನನಗೆ ನಗು ಬಂತು. ದೊಡ್ಡಮ್ಮ ನಗಲಿಲ್ಲ. "ನಾಳೆ ನನ್ನ ಜೊತೆ ಬಾ. ಅದ್ಹೇಗೆ ಹಾರ್ತಾರೋ ನೋಡೇಬಿಡೋಣ," ಎಂದಳು.

ಮರುದಿನದ ಆ ಬೆಳಗನ್ನು ನಾನು ನಿಜವಾಗಿ ಕಂಡೆನೋ ನಿದ್ದೆಗಣ್ಣಿನಲ್ಲಿ ಕಂಡೆನೋ, ಇವತ್ತಿಗೂ ಅನುಮಾನ. ಕುದುರೆಗಳನ್ನು ಬಿಟ್ಟು ಹುಲ್ಲಿನ ಕೊಟ್ಟಿಗೆಯ ಹಿಂದೆ ಒಂದೇ ಕಂಬಳಿ ಹೊದ್ದು ಕೂತೆವು. ಮಂಜು ನೆಲದಿಂದಲೇ ಏಳುತ್ತಿತ್ತು. ಬೇಲಿ ಇರಲಿಲ್ಲ, ಊರು ಇರಲಿಲ್ಲ. ಬಿಳುಪಿನಲ್ಲಿ ಎರಡು ಬೆನ್ನುಗಳು ಮಾತ್ರ ತೇಲುತ್ತಿದ್ದವು. ಎಲ್ಲಿಂದಲೋ ನೀರು ತೊಟ್ಟಿಕ್ಕುವ ಸದ್ದು. ದೊಡ್ಡಮ್ಮನ ಉಸಿರು ನನ್ನ ಕೆನ್ನೆಗೆ ತಾಗುತ್ತಿತ್ತು, ನನ್ನ ರೆಪ್ಪೆ ಭಾರವಾಗುತ್ತಿತ್ತು. ಮನುಷ್ಯರು ಯಾರೂ ಬರಲಿಲ್ಲ.

ಬಂದದ್ದು ಅಜ್ಜಿ. ನಿಧಾನವಾಗಿ ಹತ್ತಿರ ಸರಿದು ಗುಡಾಣದ ಹೆಗಲನ್ನು ತುಟಿಯಿಂದ ಕೆರೆಯಿತು. ಗುಡಾಣ ಕಣ್ಣು ಮುಚ್ಚಿತು. ಅಜ್ಜಿಯ ತುಟಿ ಕತ್ತಿನ ಮೇಲೆ ಹಾದು, ಕಿವಿಯ ಹಿಂದೆ ಬಂದು, ಪಟ್ಟಿಯನ್ನು ಹುಡುಕಿತು. ಹಲ್ಲು ಅದನ್ನು ಕಚ್ಚಿ ಹಿಡಿಯಿತು. ಒಂದು ಜಗ್ಗು. ಇನ್ನೊಂದು. ತೆಳು ಚರ್ಮ ಸದ್ದಿಲ್ಲದೆ ಹರಿಯಿತು. ಗುಡಾಣ ತಲೆ ತಗ್ಗಿಸಿ ಹುಲ್ಲಿಗೆ ಬಾಯಿ ಹಾಕಿತು. ಅಜ್ಜಿ ಮಾತ್ರ ತಾನು ಮೇಯದೆ, ಅದರ ಬೆನ್ನ ಮೇಲೆ ಗದ್ದವಿಟ್ಟು ಸುಮ್ಮನೆ ನಿಂತಿತು.

ದೊಡ್ಡಮ್ಮ ಎದ್ದು ಗುಡಾಣವನ್ನು ಹುಲ್ಲಿನಿಂದ ಎಳೆದು ತಂದು, ಎರಡನ್ನೂ ಲಾಯಕ್ಕೆ ಸೇರಿಸಿದಳು. ಮನೆಗೆ ಬಂದಾಗ ದೊಡ್ಡಪ್ಪ ಒಲೆಯ ಮುಂದೆ ನಿಂತಿದ್ದ. ಅವಳ ಕೈಯಲ್ಲಿದ್ದ ಹರಿದ ಕುಕ್ಕೆ ನೋಡಿದ.

"ಇವತ್ತೂ ನೀವೇನಾ?" ಎಷ್ಟೋ ದಿನಗಳ ಮೇಲೆ ಅವಳು ನೇರವಾಗಿ ಅವನನ್ನು ಕೇಳಿದಳು.

"ಹೂಂ, ನಾನೇ. ತಪ್ಪಾಯ್ತು."

"ಅಜ್ಜಿ ಮಾಡಿದ್ದನ್ನ ಕಣ್ಣಾರೆ ನೋಡ್ಕೊಂಡು ಬಂದಿದ್ದೀನಿ ರೀ."

ದೊಡ್ಡಪ್ಪ ಒಲೆ ಆರಿಸಿದ. ಅವಳ ಕಡೆ ತಿರುಗಿ ಹೇಳಿದ: "ಮೊದಲನೇ ಸಲವೇ ಗೊತ್ತಾಯ್ತು. ಹೇಳಿದ್ರೆ ನೀನು ಎರಡನ್ನೂ ಬೇರೆ ಮಾಡ್ತಿದ್ದೆ. ಅಜ್ಜಿ ಬದುಕ್ತಿರ್ಲಿಲ್ಲ. ನಾನಿದ್ದಾಗ ಕುಕ್ಕೆ ಬಿದ್ದ ತಕ್ಷಣ ಮತ್ತೆ ಕಟ್ತಿದ್ದೆ, ಕೆಲವು ಸಲ ತಡ ಆಗ್ತಿತ್ತು ಅಷ್ಟೇ. ಬೀಗ ಹಾಕಿದ್ಮೇಲೆ ಏನೂ ಮಾಡೋಕಾಗ್ಲಿಲ್ಲ. ಬೈಗುಳ ತಾನೇ, ಬೈದ್ರೆ ನಾನೇನು ಸಾಯ್ತೀನಾ?"

"ನನ್ನ ಹತ್ರ ಹೇಳೋಕೆ ಅಷ್ಟು ಭಯವಾ ನಿಮಗೆ?"

ದೊಡ್ಡಮ್ಮ ಅಲ್ಲೇ ನೆಲದ ಮೇಲೆ ಕುಸಿದು ಕೂತು ಬಿಕ್ಕಿ ಬಿಕ್ಕಿ ಅತ್ತಳು. ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ. ಅವಳ ಬೆನ್ನು ಸವರುತ್ತಾ ನಾನೂ ಅತ್ತೆ.

ಅಂದೇ ಅವಳು ಇನ್ನೊಂದು ಕುಕ್ಕೆ ಹೊಲಿದಳು, ಅಜ್ಜಿಗೆ. ತಳದಲ್ಲಿ ಬಿಲ್ಲೆಯೇ ಇಲ್ಲ, ತುಟಿಗಿಂತ ಮುಂದಕ್ಕೆ ಚಾಚಿದ ಬರೀ ಅಗಲ ಬಳೆ. ಹುಲ್ಲು ಬೇಕಾದಷ್ಟು ಬರುತ್ತದೆ, ಪಟ್ಟಿ ಹಲ್ಲಿಗೆ ಸಿಗುವುದಿಲ್ಲ. ಅಳತೆಗೆ ದೊಡ್ಡಪ್ಪ ಅಜ್ಜಿಯ ತಲೆ ಹಿಡಿದ. "ಬಿಗಿ ಆಯ್ತಾ?" "ಎರಡು ಬೆರಳು ಹೋಗತ್ತೆ." "ಹಾಗಾದ್ರೆ ಸರಿ." ಅಷ್ಟೇ ಮಾತು.

ಆಮೇಲೆ ಕುಕ್ಕೆ ಬೀಳಲಿಲ್ಲ. ಎಳೆ ಹುಲ್ಲಿನ ಕಾಲ ಮುಗಿದು ಗುಡಾಣದ ಪಕ್ಕೆಲುಬು ಕೈಗೆ ಸಿಗುವಂತಾದಾಗ ಡಾಕ್ಟರಮ್ಮ ಬಂದಳು. ಗೊರಸುಗಳನ್ನು ಒಂದೊಂದಾಗಿ ಹಿಡಿದು ನೋಡಿದಳು.

"ತಣ್ಣಗಿದೆ. ಬದುಕ್ತು ನಿಮ್ಮ ಗುಡಾಣ. ಭೇಷ್ ಅಮ್ಮ!"

"ನನಗಲ್ಲ, ಅವರಿಗೆ ಹೇಳಿ," ಎಂದು ದೊಡ್ಡಮ್ಮ ಗಂಡನ ಕಡೆ ತಿರುಗಿದಳು. "ಬೈಸಿಕೊಂಡವರು ಅವರು."