ಊಂ ಅಂದರೆ ಸಾಲದು

ಇವತ್ತು ಬೆಳಿಗ್ಗೆ ಹನೂರಿನಿಂದ ವಾಪಸು ಬಂದ ಪೆಟ್ಟಿಗೆಯ ಮುಚ್ಚಳ ತೆಗೆದೆ, ಗಪ್ಪನೆ ಹಿಪ್ಪುನೇರಳೆ ಸೊಪ್ಪಿನ ವಾಸನೆ. ರೇಷ್ಮೆ ಹುಳು ಸಾಕುವ ಮನೆಯ ಬಿಸಿ ನೋಡಿಕೊಂಡು ಫ್ಯಾನು ತಿರುಗಿಸುವುದು ಇದರ ಕೆಲಸ. ಕೊಳ್ಳೇಗಾಲದಲ್ಲಿ ಕೂತು ಇಂಥವನ್ನು ಮಾಡಿಕೊಡುವುದು ನನ್ನ ಹೊಟ್ಟೆಪಾಡು. ತಂದುಕೊಟ್ಟ ರೈತ ಹೇಳಿದ್ದು ಇಷ್ಟೇ: "ಸಾ, ಕೆಂಪು ಲೈಟೇನೋ ಮಿಣುಕ್ತಾನೇ ಅದೆ, ಫ್ಯಾನು ಮಾತ್ರ ತಿರುಗ್ತಿಲ್ಲ. ಕಿಟ್ಕಿ ತಗ್ದೆ, ಉಳ ಉಳ್ಕಂಡೊ."

ಇದರ ಚಿಪ್‌ನೊಳಗೆ ವಾಚ್‌ಡಾಗ್ ಅಂತ ಒಂದು ಕಾವಲು ಗಡಿಯಾರ ಇರುತ್ತದೆ. ಪ್ರೋಗ್ರಾಂ ಆಗಾಗ ಅದನ್ನು ಮುಟ್ಟಿ 'ಎಚ್ಚರವಾಗಿದ್ದೇನೆ' ಅನ್ನಬೇಕು. ಹೊತ್ತು ಮೀರಿದರೆ, ಪಾಪ ಇದಕ್ಕೆ ಜ್ಞಾನ ತಪ್ಪಿದೆ ಎಂದುಕೊಂಡು ಅದು ಚಿಪ್ಪನ್ನು ಹೊಸದಾಗಿ ಎಬ್ಬಿಸುತ್ತದೆ. ನಾನೋ ಮಹಾ ಜಾಣ. ಮುಟ್ಟುವ ಕೆಲಸವನ್ನು ತನ್ನಷ್ಟಕ್ಕೆ ಓಡುವ ಟೈಮರಿಗೆ ಒಪ್ಪಿಸಿಬಿಟ್ಟಿದ್ದೆ. ಪ್ರೋಗ್ರಾಂ ಎಲ್ಲೋ ಸಿಕ್ಕಿಹಾಕಿಕೊಂಡು ನಿಂತಿದೆ, ಟೈಮರು ಮಾತ್ರ ಅದರ ಪರವಾಗಿ 'ಎಚ್ಚರ, ಎಚ್ಚರ' ಅನ್ನುತ್ತಲೇ ಇದೆ. ಕಾವಲಿಗೆ ಅನುಮಾನವೇ ಬರಲಿಲ್ಲ.

ನಿಮಗೆ ನಗು ಬರಬಹುದು, ನನಗೆ ಮಾತ್ರ ಹೊನ್ನೂರಿನ ದೊಡ್ಡವ್ವ ನೆನಪಾದಳು.

ದೊಡ್ಡವ್ವ ಅಂದರೆ ನಮ್ಮಪ್ಪನ ಅಣ್ಣನ ಹೆಂಡತಿ. ಗೋಡೆಯಾಚೆ ತಾಯಮ್ಮತ್ತೆಯ ಮನೆ. ನೆಂಟಸ್ತನ ಏನೂ ಇಲ್ಲ, ಆದರೂ ಅತ್ತೆ. ಇಬ್ಬರದೂ ಒಂಟಿ ಬದುಕು, ದೊಡ್ಡವ್ವನಿಗೆ ಶುಗರ್ ಬೇರೆ. ಬಾಗಿಲಿಗೆ ನೀರು ಹಾಕುವ ಮೊದಲು ತಾಯಮ್ಮತ್ತೆ "ಎದ್ಯಾ ಅಕ್ಕ?" ಅನ್ನುವಳು. ಇವಳು "ಊಂ" ಅನ್ನುವಳು. ಒಂದು ದಿನ ಶುಗರ್ ಇಳಿದು ದೊಡ್ಡವ್ವ ಚಾಪೆಯ ಮೇಲೆ ಬೆವೆತು ಬಿದ್ದಿದ್ದಳು. ಆದರೂ ಅಭ್ಯಾಸಬಲದಿಂದ ಬಾಯಿ "ಊಂ" ಅಂದಿತ್ತು. ಕಾಫಿಗೆ ಸಕ್ಕರೆ ಕೇಳಲೆಂದು ತಾಯಮ್ಮತ್ತೆ ಒಳಗೆ ಹೋಗದಿದ್ದರೆ ಅವತ್ತೇ ನಮ್ಮ ಕೈಬಿಟ್ಟು ಹೋಗುತ್ತಿದ್ದಳು.

"ನಿನ್ನ ಊಂ ನಾ ಇನ್ ನಂಬಲ್ಲ ಕಣಕ್ಕ" ಅಂದವಳು ಆಮೇಲೆ ದಿನಕ್ಕೊಂದು ಪ್ರಶ್ನೆ ಹಾಕತೊಡಗಿದಳು. ನಲ್ಲಿ ನೀರು ಬಂತಾ, ಯಾವ ಸೀರೆ ಉಟ್ಟೆ, ಸಾರು ಹಳಸಿತಾ. ಎದ್ದು ನೋಡದೆ ಉತ್ತರ ಹೇಳುವಂತಿಲ್ಲ. ತೆಂಗಿನ ಗರಿಯ ವಿಚಾರಕ್ಕೆ ಜಗಳವಾಗಿ ಮಾತು ಬಿಟ್ಟಾಗಲೂ ಇದು ನಿಲ್ಲಲಿಲ್ಲ. "ನಾ ಗೋಡೆನ ಕೇಳ್ತಾವ್ನಿ, ನೀರು ಬಂತಾ?" ದೊಡ್ಡವ್ವನೂ ಗೋಡೆಗೇ ಹೇಳುವಳು: "ಬಂತು. ಅರ್ಧ ಕೊಡ, ಅದೂ ಮಣ್ಣು." ಆ ಜಗಳ ನೆನೆದರೆ ಈಗಲೂ ಹೊಟ್ಟೆ ತಣ್ಣಗಾಗುತ್ತದೆ.

ದೊಡ್ಡವ್ವ ವಯಸ್ಸಾಗಿ ತೀರಿಕೊಂಡಳು. ತಾಯಮ್ಮತ್ತೆಗೀಗ ಗೋಡೆಯಾಚೆ ಯಾರೂ ಇಲ್ಲ ಎಂದು ನಾನು ಆಗಾಗ ಫೋನ್ ಮಾಡುತ್ತೇನೆ. ನಿನ್ನೆಯೂ ಮಾಡಿದ್ದೆ. "ಚೆನ್ನಾಗಿದ್ದೀಯಾ ಅತ್ತೆ?" "ಊಂ ಕಣಪ್ಪ." ಇಟ್ಟುಬಿಟ್ಟೆ.

ಇವತ್ತು ಪ್ರೋಗ್ರಾಂ ತಿದ್ದಿದೆ. ಬಿಸಿ ಅಳೆಯುವುದು, ಫ್ಯಾನು ನಡೆಸುವುದು, ನೀರು ಸಿಂಪಡಿಸುವುದು, ಎಲ್ಲವೂ ತಂತಮ್ಮ ಕೆಲಸ ಮುಗಿಸಿ ಗುರುತು ಹಾಕಿದ ಮೇಲೆಯೇ ಕಾವಲನ್ನು ಮುಟ್ಟಬೇಕು. ಒಂದು ತಪ್ಪಿದರೂ ಮುಟ್ಟುವಂತಿಲ್ಲ. ಬೇಕೆಂದೇ ಒಂದನ್ನು ತಡೆದು ನೋಡಿದೆ. ಪೆಟ್ಟಿಗೆ ತಾನೇ ಎದ್ದು ಕೂತಿತು. ಆಗ ನಿನ್ನೆ ಅತ್ತೆ ಅಂದ "ಊಂ" ನೆನಪಾಯಿತು. ಫೋನ್ ಎತ್ತಿಕೊಂಡೆ.

"ಅತ್ತೆ, ಬೆಳಿಗ್ಗೆ ಏನುಂಡೆ?"

"ಮೊನ್ನೆಯಿಂದ ಒಲೆನೇ ಅಚ್ಚಿಲ್ಲ ಕಣಪ್ಪ. ಮಂಡಿ ಇಡ್ಕಂಡದೆ, ನಿಂತ್ಕಳಕಾಗ್ದು."

ನಿನ್ನೆ ಯಾಕೆ ಹೇಳಲಿಲ್ಲ ಎಂದೆ.

"ನೀ ಕೇಳ್ನಿಲ್ವಲ್ಲಪ್ಪ."

ಇಡ್ಲಿ ಕಟ್ಟಿಸಿಕೊಂಡು ಹೊನ್ನೂರಿಗೆ ಬಂದೆ. ಅತ್ತೆ ತಿಂದು ಮಲಗಿದ್ದಾಳೆ. ನಾನು ಒಲೆ ಹಚ್ಚಿ ಅನ್ನಕ್ಕಿಟ್ಟು ಪಕ್ಕದಲ್ಲಿ ಕೂತಿದ್ದೇನೆ.