ಗಾಡಿಯ ಗಂಟೆ

ಎರಡು ವಾರದಿಂದ ಗೇರು ಬದಲಿಸಿದಾಗಲೆಲ್ಲ ನನ್ನ ಪಿಕಪ್ಪಿನ ಅಡಿಯಲ್ಲಿ 'ಟಣ್' ಎಂದು ಸದ್ದಾಗುತ್ತಿತ್ತು. ದಿನಾ ಬೆಳಿಗ್ಗೆ ಕಬ್ಬು ಕಡಿಯುವ ಹೆಂಗಸರನ್ನು ಹಿಂದೆ ಕೂರಿಸಿಕೊಂಡು ಮಾಕವಳ್ಳಿ ಕಡೆಗೆ ಹೋಗುತ್ತಿದ್ದೆ. "ಅಣ್ಣನ ಗಾಡೀಗೆ ಗಂಟೆ ಕಟ್ಟವ್ರೆ" ಎಂದು ಅವರು ನಗುತ್ತಿದ್ದರು. ರಿಪೇರಿಗೆ ಬಿಡಲು ಒಂದು ದಿನವೂ ಬಿಡುವಿರಲಿಲ್ಲ.

ಕೊನೆಗೆ ಕೆ.ಆರ್. ಪೇಟೆಯಲ್ಲಿ ನನ್ನ ಜೊತೆ ಓದಿದ ಮೆಕ್ಯಾನಿಕ್ ಗಾಡಿಯ ಅಡಿಗೆ ನುಸುಳಿ, ಹಿಂದಿನ ಚಕ್ರಕ್ಕೆ ಹೋಗುವ ಶಾಫ್ಟನ್ನು ಹಿಡಿದು ಅಲುಗಿಸಿದ. ಅದೇ ಸದ್ದು.

"ಗೇರ್‌ಬಾಕ್ಸ್ ಅಲ್ಲ ಕಣ್ಲಾ, ಶಾಫ್ಟಿನ ಜಾಯಿಂಟು ಸವೆದೋಗದೆ. ಹಿಂದ್ಗಡೆ ಸ್ಪ್ರಿಂಗ್ ಕಮಾನಿಗೆ ಎಕ್ಸ್‌ಟ್ರಾ ಪಟ್ಟೆ ಹಾಕಿಸ್ದಾ?"

"ಎರಡು ಹಾಕಿಸ್ದೆ, ಭಾರ ತಡೀಲಿ ಅಂತ. ಕಬ್ಬು ಹೇರೋರೆಲ್ಲ ಹಾಕಿಸ್ತಾರಲ್ಲ."

"ಹಾಕಿಸ್ತಾರೆ. ಹಿಂದ್ಗಡೆ ಎತ್ತರ ಆಗಿ ಶಾಫ್ಟು ಓರೆ ಆಯ್ತದೆ, ಜಾಯಿಂಟು ತಿಂದೋಯ್ತದೆ. ಓಡೋವಾಗ ಶಾಫ್ಟು ಕಳಚ್ಕೊಂಡು ನೆಲಕ್ಕೆ ನಾಟ್ಕಂಡಿದ್ರೆ ಗಾಡಿ ಪಲ್ಟಿ ಕಣ್ಲಾ."

ಆ ಬೆಳಿಗ್ಗೆ ಹಿಂದೆ ಹನ್ನೊಂದು ಜನರಿದ್ದರು. ನಾನು ಅಲ್ಲೇ ಟೈರಿನ ಮೇಲೆ ಕುಳಿತೆ. ಜಾಯಿಂಟು ಹೊಸದು ಹಾಕಿ, ಎರಡು ಪಟ್ಟೆಯನ್ನೂ ಬಿಚ್ಚು ಎಂದೆ.

ಮಾರನೆಯ ದಿನ ಗಾಡಿ ಸದ್ದಿಲ್ಲದೆ ಗೇರು ಬದಲಿಸಿತು.

"ಗಂಟೆ ಎಲ್ಲೋಯ್ತಣ್ಣ?" ಎಂದು ಹಿಂದಿನಿಂದ ಒಬ್ಬಾಕೆ ಕೂಗಿದಳು. ಎಲ್ಲರೂ ನಕ್ಕರು.

ನಾನು ಕನ್ನಡಿಯಲ್ಲಿ ಅವರನ್ನು ಒಬ್ಬೊಬ್ಬರನ್ನೇ ನೋಡಿದೆ.